ವಾಡಿಯಲ್ಲಿ ನೀಮಾಳ ಬೆರಳುಗಳು

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದ್ ರೈಲಿಗೆ ಕಾಯುತ್ತಿದ್ದೆವು. ತಾಂಜಾನಿಯಾದಿಂದ ಓದಲು ಬಂದಿರುವ ನನ್ನ ಹಾಸ್ಟೆಲ್ ಗೆಳತಿ ನೀಮಾಳಿಗೆ, ದೇಹ ತನ್ನ ಮೇಲೆಯೇ ತಿರುಗಿಬೀಳುವ ಲೂಪಸ್ ಜೊತೆಗೆ ಚರ್ಮ ಬಿಗಿಯುವ ಕಾಯಿಲೆಯೂ ಇದೆ. ಕಪ್ಪು ಮೈಯಲ್ಲಿ ಲೂಪಸ್‌ನ ಕೆಂಪು ಗುರುತು ಎದ್ದು ಕಾಣದೆ ಅದು ತಡವಾಗಿ ತಿಳಿಯಿತು. ಬೆಳಗಿನ ಚಳಿಗೆ ಅವಳ ಎರಡು ಬೆರಳುಗಳ ತುದಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಹಾಗೆಯೇ ಉಳಿದರೆ ಬೆರಳೇ ಹೋಗಬಹುದೆಂದು ವೈದ್ಯರು ಹೇಳಿದ್ದರು. ನಾನು ಬಿಸಿ ಚಹಾ ತಂದೆ. ಬೆರಳು ಮರಗಟ್ಟಿದೆ, ಸುಟ್ಟರೂ ತಿಳಿಯುವುದಿಲ್ಲವೆಂದು ಅವಳು ಕೈ ಹಿಂದೆಗೆದಳು.

"ಬೆರಳಿಗಿ ಸಿಮಿಟ್ ಮೆತ್ತ್ಯಾದೇನವ್ವ?" ಪಕ್ಕದಲ್ಲಿ ಕೂತಿದ್ದ ರೊಟ್ಟಿ ಮಾರುವ ಹೆಂಗಸು, ಊರಿನ ಸಿಮೆಂಟ್ ಕಾರ್ಖಾನೆಯ ಧೂಳೆಂದುಕೊಂಡು ಕೇಳಿದಳು.

"ಇಲ್ಲರಿ, ರಕ್ತ ಹರಿಯಲಿಕತ್ತಿಲ್ಲ," ಎಂದೆ ನಾನು.

ಅವಳು ಬಟ್ಟೆಯೊಳಗಿಂದ ಬೆಚ್ಚನೆಯ ಜೋಳದ ರೊಟ್ಟಿ ತೆಗೆದು ನೀಮಾಳ ಬೆರಳಿಗೆ ಸುತ್ತಿದಳು.

ರೈಲು ಬಂತು. ನೀಮಾ ರೊಟ್ಟಿ ಬಿಡಿಸಿ ನೋಡಿದಳು. ಒಂದು ಬೆರಳಿಗೆ ಬಣ್ಣ ಮರಳಿತ್ತು, ಇನ್ನೊಂದಕ್ಕಿಲ್ಲ. ಹೆಂಗಸು ಮತ್ತೊಂದು ರೊಟ್ಟಿ ಕೈಗಿತ್ತಳು.

"ಗಾಡ್ಯಾಗ ಹಿಡ್ಕೊಂಡು ಕುಂದ್ರು, ತಂಗಿ. ತಿಂದಿಗಿಂದೀ ಮತ್ತ!"