ಚಿಗರಿ ಓಡಿದ್ದು ನನ್ನ ಸಿಳ್ಳೆಗೆ

ಮಲ್ಲಾ, ಅವತ್ತು ರಾಯಚೂರಿನ ನಾಯಿ ಪ್ರದರ್ಶನದಲ್ಲಿ ನಿನ್ನ ಚಿಗರಿ ಹುಚ್ಚು ಹಿಡಿದು ಓಡಲಿಲ್ಲ. ಶಾಮಿಯಾನದ ಹಿಂದೆ ನಿಂತು ಸಿಳ್ಳೆ ಹೊಡೆದವನು ನಾನು. ಎರಡು ಬೆರಳಿನ ಸಿಳ್ಳೆ — ಗಬ್ಬೂರಿನ ನಿಮ್ಮ ಕುರಿದೊಡ್ಡಿಯಲ್ಲಿ ನೀನೇ ಕಲಿಸಿದ್ದು.

ಎರಡು ವರ್ಷವಾಯಿತು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಯಾವುದೋ ಜೋಕು ಬಂದುಬಿಡುತ್ತಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ.

ಆ ಪ್ರದರ್ಶನಕ್ಕೆ ನಿನ್ನನ್ನು ಕರೆದವನೂ ನಾನೇ. ನಮ್ಮ ಭೀಮನಿಗೆ ಸೋಲಿಸಲು ಒಂದು ನಾಯಿ ಬೇಕಿತ್ತು. ಅವನೂ ಚಿಗರಿಯಂತೆ ಮುಧೋಳ ತಳಿಯೇ, ಆದರೆ ಮೊಸರನ್ನ ತಿಂದು ಬೆಳೆದವನು. ಏಕಾದಶಿಗೆ ಅಜ್ಜಿ ಅವನಿಗೂ ಉಪವಾಸ ಹಾಕುತ್ತಿದ್ದಳು. ದ್ವಾದಶಿಯಂದು ಅವನು ಅದನ್ನು ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದ. ಆ ತಳಿಯಲ್ಲಿ ಬಂದದ್ದು ಇವೆರಡೇ.

ತೀರ್ಪುಗಾರರು ನಾಯಿಯನ್ನು ನಾಯಿಯ ಜೊತೆ ಹೋಲಿಸುವುದಿಲ್ಲವಂತೆ. ತಳಿ ಹೀಗಿರಬೇಕು ಅಂತ ಒಂದು ಮಾನದಂಡ ಇರುತ್ತದೆ. ಪ್ರತಿ ನಾಯಿ ಅದಕ್ಕೆ ಎಷ್ಟು ಹತ್ತಿರ ಅಂತ ನೋಡುತ್ತಾರೆ. ನಮ್ಮಮ್ಮ ಇದನ್ನು ಕಲಿತರೆ ಪಕ್ಕದ ಮನೆಯ ರಾಘುವಿನಿಂದ ನಾನು ಪಾರಾಗುತ್ತೇನೆ.

ಮೊದಲು ತುಟಿ ಎತ್ತಿ ಹಲ್ಲು ನೋಡಿದರು — ಮೇಲಿನ ಸಾಲು ಕೆಳಗಿನದಕ್ಕೆ ಕತ್ತರಿಯಂತೆ ಕೂಡಬೇಕು. ಆಮೇಲೆ ಪಕ್ಕೆ. ಈ ತಳಿಗೆ ಹಿಂದಿನ ಪಕ್ಕೆಲುಬು ಚೂರು ಕಾಣಬೇಕು. ಭೀಮನ ಮೈಮೇಲೆ ಅವರ ಕೈ, ಕಳೆದುಹೋದ ಬೀಗದ ಕೈ ಹುಡುಕುವಂತೆ ಅಲೆದಾಡಿತು.

“ಪಕ್ಕೆಲುಬು ಎಲ್ಲ್ಯಾವೋ ತಮ್ಮಾ?”

“ಒಳಗ ಅವ್ರಿ ಸರ್, ಭದ್ರ ಇಟ್ಟೀವಿ.”

ಜನ ನಕ್ಕರು. ಚಿಗರಿಯ ಮೈಮೇಲೆ ಕೈಯಿಟ್ಟಾಗ ಮಾತ್ರ ಅವರು ಮೆಚ್ಚಿ ತಲೆಯಾಡಿಸಿದರು. ನನ್ನ ನಗು ಅಲ್ಲಿಗೆ ನಿಂತಿತು.

ಉಳಿದದ್ದು ನಡಿಗೆ. ಹಗ್ಗ ಸಡಿಲ ಬಿಟ್ಟು, ಒಂದೇ ಲಯದ ಸಣ್ಣ ಓಟ. ನಿನ್ನ ಸರದಿ ಬಂದಾಗ ಭೀಮನನ್ನು ಕಂಬಕ್ಕೆ ಕಟ್ಟಿ ಶಾಮಿಯಾನದ ಹಿಂದೆ ಹೋದೆ.

ಆ ಸಿಳ್ಳೆಗೆ ಒಂದೇ ಅರ್ಥ: ತೋಳ ಬಂದಿದೆ, ಹಿಂಡು ಸುತ್ತು. ಚಿಗರಿ ಹಗ್ಗ ಕಿತ್ತುಕೊಂಡಿತು. ಅಲ್ಲಿ ಕುರಿ ಎಲ್ಲಿಂದ ಬರಬೇಕು? ಸರದಿಗೆ ಕಾದಿದ್ದ ಪಗ್ಗು, ಲ್ಯಾಬ್ರಡಾರುಗಳು, ಅವುಗಳ ಮಾಲೀಕರು, ಕೊನೆಗೆ ತೀರ್ಪುಗಾರರು — ಎಲ್ಲರನ್ನೂ ಸುತ್ತಿ ಸುತ್ತಿ ಒಂದೇ ಮೂಲೆಗೆ ತಂದು ನಿಲ್ಲಿಸಿತು. ತೀರ್ಪುಗಾರರು ‘ಬ್ಯಾ’ ಅನ್ನುವುದೊಂದು ಬಾಕಿ. ಈ ಕತೆ ಹೇಳಿ ಇಡೀ ಕಾಲೇಜನ್ನು ನಗಿಸಿದ್ದೇನೆ — ಸಿಳ್ಳೆಯ ಭಾಗ ಬಿಟ್ಟು.

ಚಿಗರಿಯನ್ನು ಹೊರಗೆ ಹಾಕಿದರು. ಉಳಿದವನು ಭೀಮ ಒಬ್ಬನೇ. ಆದರೂ ಮೊದಲ ಬಹುಮಾನ ಅವನಿಗೆ ಸಿಗಲಿಲ್ಲ. ಯೋಗ್ಯ ನಾಯಿ ಇಲ್ಲದಿದ್ದರೆ ತಡೆಹಿಡಿಯಬಹುದಂತೆ. ಒಬ್ಬನೇ ಓಡಿ ಎರಡನೆಯ ಸ್ಥಾನ ಪಡೆದವನು ಜಿಲ್ಲೆಯಲ್ಲಿ ನಮ್ಮ ಭೀಮನೇ ಇರಬೇಕು.

ನಗು ಇಲ್ಲಿಯವರೆಗೆ. ಆಮೇಲೆ ನಿಮ್ಮಜ್ಜ ಹಗ್ಗ ಸುತ್ತಿಕೊಳ್ಳುತ್ತ ಅಂದದ್ದು —

“ಕುರಿ ಇಲ್ಲದ ಕಡಿ ಓಡೋ ನಾಯಿನ ಹಿಂಡಿನಾಗ ಹ್ಯಾಂಗ ಬಿಡ್ಲಿ? ನಂಬಿಗಿ ಹೋತು ಬಿಡಪಾ.”

“ಯಜ್ಜಾ, ಯಾರೋ ಸಿಳ್ಳಿ ಹೊಡದ್ರು, ನಾ ಕೇಳೀನಿ!” ಅಂದೆ ನೀನು.

ಅಜ್ಜ ನನ್ನ ಕಡೆ ತಿರುಗಿದ. “ಈ ಗದ್ಲದಾಗ ನನಗಂತೂ ಕೇಳಿಲ್ಲ. ನೀ ಕೇಳಿದೇನಪಾ?”

“ಇಲ್ರಿ ಅಜ್ಜಾ. ನಾ ಏನೂ ಕೇಳಿಲ್ರಿ.”

ನಿಮ್ಮ ಮನೆಯವರನ್ನು ಬಿಟ್ಟರೆ ಆ ಸಿಳ್ಳೆ ಗೊತ್ತಿದ್ದದ್ದು ನನಗೊಬ್ಬನಿಗೇ. ಆದರೂ ನೀನು ನನ್ನನ್ನು ಅನುಮಾನಿಸಲಿಲ್ಲ — ಅದೇ...

ಆ ವಾರವೇ ಚಿಗರಿ ಮಾನ್ವಿಗೆ, ನಿಮ್ಮ ಮಾವನ ಅಕ್ಕಿ ಗಿರಣಿ ಕಾಯಲು ಹೋಯಿತು. ಮೊನ್ನೆ ಅಲ್ಲಿಗೆ ಹೋದಾಗ ಗೇಟಿನ ಸಂದಿಯಿಂದ ನೋಡಿದೆ. ಸರಪಳಿ ಹಾಕಿದ್ದಾರೆ. ಈಗ ಅದರ ಪಕ್ಕೆಲುಬೂ ಕಾಣುವುದಿಲ್ಲ.

ಭಾನುವಾರ ಗಬ್ಬೂರಿಗೆ ಬರುತ್ತೇನೆ. ಅಜ್ಜನಿಗೆ ನಾನೇ ಹೇಳುತ್ತೇನೆ, ಜೋಕಿಲ್ಲದೆ. ಆಮೇಲೆ ಮೂವರೂ ಮಾನ್ವಿಗೆ ಹೋಗೋಣ — ನನ್ನ ಜೊತೆ ಬಸ್ಸು ಹತ್ತಲು ನಿನಗೆ ಮನಸ್ಸಿದ್ದರೆ. ಸರಪಳಿ ಬಿಚ್ಚಿಸಿ ಸಿಳ್ಳೆ ಹೊಡೆಯುವವನು ನೀನು. ಚಿಗರಿ ಓಡುವುದು ಸಿಳ್ಳೆಗೇ ಅಂತ ಅಜ್ಜ ಕಣ್ಣಾರೆ ನೋಡಲಿ. ನಾನು ಅಜ್ಜನ ಪಕ್ಕದಲ್ಲಿ ನಿಂತಿರುತ್ತೇನೆ, ಬಾಯಿ ಮುಚ್ಚಿಕೊಂಡು.