ಹೆಗಲು ಕೊಡಲಾಗದ ಪೆಟ್ಟಿಗೆ

ಸ್ನೇಹಿತರೇ, ಇವತ್ತು ಉಳ್ಳಾಲದಲ್ಲಿ ಚಿಕ್ಕಪ್ಪನ ಶವಪೆಟ್ಟಿಗೆ ಎತ್ತುವಾಗ ನಾನೊಬ್ಬ ಹಿಂದೆ ಸರಿದೆ.

“ಎಂತ ಮಾರಾಯ, ಹರ್ನಿಯಾ ಆಪರೇಷನ್ ಆಗಿ ವರ್ಷ ಆಯ್ತಲ್ಲ?” ಎಂದ ಅವರ ಮಗ ವಿನ್ಸೆಂಟ್.

“ಒಳಗೆ ಹಾಕಿದ ಬಲೆ, ಆ ಮೆಶ್‌ಗೆ ಇನ್ಫೆಕ್ಷನ್ ಆಗಿ ಕೀವು ಬರ್ತಾ ಉಂಟು. ಪುನಃ ಕೊಯ್ದು ತೆಗೀಬೇಕಂತೆ. ಭಾರ ಎತ್ತಬಾರದು ಅಂದಿದ್ದಾರೆ.”

“ನಿನ್ನದು ಯಾವಾಗಲೂ ಒಂದು ಉಂಟು.” ಅವನು ನನ್ನ ಕೈಗೆ ಹೂಗುಚ್ಛ ಕೊಟ್ಟು ಪಕ್ಕದ ಮನೆಯವರನ್ನು ಕರೆದ.

ಚಿಕ್ಕಪ್ಪನಿಗೂ ಹರ್ನಿಯಾ ಇತ್ತು. ಅದಕ್ಕೆಂದೇ ಕಟ್ಟುವ ಬೆಲ್ಟ್ ಬಿಗಿದುಕೊಂಡೇ ನನ್ನ ಅಪ್ಪನ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. “ಬಾಪ್ಪು, ಮೆಶ್ ಹಾಕಿಸಿ, ಮತ್ತೆ ಟೆನ್ಶನ್ ಇಲ್ಲ” ಎಂದು ಅವರ ಬೆನ್ನು ಹತ್ತಿದ್ದವನು ನಾನು.

“ನೀನು ಮೊದಲು ಮಾಡಿಸು, ನೋಡುವ” ಎಂದಿದ್ದರು.

ನೋಡಿದರು. ಕೊನೆಯವರೆಗೂ ಬೆಲ್ಟ್ ಬಿಚ್ಚಲಿಲ್ಲ.