ಪಟ್ಟಿಯ ಕೆಳಗೆ ಉಳಿದ ಹೆಸರು

“ಅಕ್ಕ ಕಾಲರಿಗೆ ಅಂತ ರಟ್ಟಿನ ಅಚ್ಚು ಕತ್ತರಿಸಿಟ್ಕೊಂಡಿದಾಳಲ್ಲ, ನನ್ನ ಕೆಲಸಾನೂ ಹಾಗೇನೇ. ಕಂಪ್ಯೂಟರ್ ಹೊಟ್ಟೇಲಿ ಮಾಹಿತಿ ರಾಶಿ ಬಿದ್ದಿರುತ್ತೆ. ಅದನ್ನ ಜನ ಓದೋ ಹಾಗೆ ಪರದೆ ಮೇಲೆ ಸಾಲಾಗಿ ತೋರಿಸ್ಬೇಕು. ಪ್ರತಿ ಸಲ ಮೊದಲಿಂದ ಬರೀತಾ ಕೂತ್ರೆ ಮುಗಿಯೋ ಮಾತಾ? ಪಟ್ಟಿ ತೋರಿಸೋ ಪ್ರೋಗ್ರಾಮಿನ ತುಂಡೊಂದನ್ನ ಒಂದ್ಸಲ ಬರೆದಿಟ್ಟೆ. ಅಂಗಡಿಗೂ ಅದೇ, ಶಾಲೆಗೂ ಅದೇ, ಆಸ್ಪತ್ರೆಗೂ ಅದೇ. ಮೈಗಳ್ಳಿ ಅಂತಾಳೆ ಅಕ್ಕ. ಕಲಿಸಿದವಳು ಅವಳೇ.”

ಅಂಗಿ ಹೊಲಿಸಲು ಬಂದವರು ಕೇಳಿದಾಗಲೆಲ್ಲ ತಂಗಿ ಹೀಗೆ ಹೇಳುತ್ತಿದ್ದಳು. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಒಂದು ತುದಿಗೆ ಅಕ್ಕನ ಹೊಲಿಗೆ ಯಂತ್ರ, ಇನ್ನೊಂದು ತುದಿಗೆ ಅವಳ ಕಂಪ್ಯೂಟರ್.

ಅಕ್ಕನ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ಬಲಗಣ್ಣಿಗೂ ಮಬ್ಬು ಕವಿದಾಗ, ನಾಲ್ಕು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಇದ್ದಷ್ಟು ನೋಟ ಉಳಿದೀತು ಎಂದು ಡಾಕ್ಟರು ಆಸ್ಪತ್ರೆಯ ಕಾಯುವವರ ಪಟ್ಟಿಗೆ ಹೆಸರು ಹಾಕಿಸಿದರು. ಆ ಪಟ್ಟಿಯ ಪರದೆ ಕಟ್ಟಿದವಳು ತಂಗಿಯೇ.

“ನೀನು ಮಾಡಿದ ಪಟ್ಟೀಲೇ ನನ್ನ ಹೆಸರು. ಇನ್ನೇನು ಬೇಕೇ ನಂಗೆ?” ಎಂದು ಅಕ್ಕ ನಕ್ಕಿದ್ದಳು. ಬೇಗ ಕರೆಯಲು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿ ಬರಲೇ ಎಂದು ತಂಗಿ ಕೇಳಿದಾಗ ಮಾತ್ರ ಮುಖ ಬಿಗಿಯಿತು. ಸಾಲು ಮುರಿಯಕೂಡದು, ತನಗಿಂತ ಮುಂಚೆ ಬಂದವರೂ ಇರುತ್ತಾರೆ ಎಂದುಬಿಟ್ಟಳು.

ಕರೆ ಬರಲಿಲ್ಲ. ಐದು ತಿಂಗಳು, ಆರು ತಿಂಗಳು ಕಳೆದವು. ಅಕ್ಕ ಸೂಜಿಯ ಕಣ್ಣನ್ನು ಬೆರಳಿನಿಂದ ಹುಡುಕತೊಡಗಿದ ದಿನ ತಂಗಿ ಹೇಳದೆ ಕೇಳದೆ ಆಸ್ಪತ್ರೆಗೆ ಹೋದಳು.

ಪಟ್ಟಿ ನೋಡಿಕೊಳ್ಳುವ ಗುಮಾಸ್ತೆ ಒಳ್ಳೆಯ ಹೆಂಗಸು. “ದಿನಾ ಕೆಳಗಿನ ಹೆಸರಿಂದಲೇ ಕರೀತೀನಮ್ಮಾ. ಹಳಬರಿಗೆ ಮೊದಲು ಆಗಬೇಕಲ್ವಾ?” ಎಂದು ಪರದೆ ತಿರುಗಿಸಿ ತೋರಿಸಿದಳು.

ಪರದೆಯಲ್ಲಿ ಇಪ್ಪತ್ತೈದು ಹೆಸರುಗಳಿದ್ದವು. ಕೊನೆಯದು ಹೋದ ತಿಂಗಳಿನದು. ಪಟ್ಟಿ ತೋರಿಸುವ ಆ ತುಂಡನ್ನು ತಂಗಿ ಮೊದಲು ಬರೆದದ್ದು ಅಂಗಡಿಯೊಂದಕ್ಕೆ. ಅಲ್ಲಿ ಹೊಸ ಬೇಡಿಕೆ ಮೇಲೆ ಬರಬೇಕಿತ್ತು, ಪುಟಕ್ಕೆ ಇಪ್ಪತ್ತೈದು ಸಾಕಿತ್ತು. ಅದನ್ನೇ ಇಲ್ಲಿಗೂ ಅಂಟಿಸಿದ್ದಳು. ಹೊಸ ರೋಗಿ ಬಂದಂತೆಲ್ಲ ಹಳಬರು ಕೆಳಕ್ಕೆ ಸರಿದು ಮುಂದಿನ ಪುಟಕ್ಕೆ ಬಿದ್ದಿದ್ದರು. ಮುಂದಿನ ಪುಟದ ಗುಂಡಿ ಈ ಪುಟ್ಟ ಪರದೆಯ ಅಂಚಿನಾಚೆ ಅಡಗಿತ್ತು. ಅವಳ ಮನೆಯ ದೊಡ್ಡ ಪರದೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಅಕ್ಕನ ಹೆಸರು ಮೂರನೆಯ ಪುಟದಲ್ಲಿತ್ತು.

ತಿದ್ದಲು ಒಂದೇ ಸಾಲು ಸಾಕಾಯಿತು. ಎಲ್ಲ ಹೆಸರೂ ಒಂದೇ ಪುಟದಲ್ಲಿ ಬರುವಂತೆ ಅಲ್ಲೇ ಕೂತು ತಿದ್ದಿದಳು. ಮರುದಿನವೇ ಅಕ್ಕನಿಗೆ ಕರೆ ಬಂತು. ಡಾಕ್ಟರು ಬಲಗಣ್ಣಿಗೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, ಇನ್ನು ಶಸ್ತ್ರಚಿಕಿತ್ಸೆ ಮಾಡಿ ಫಲವಿಲ್ಲ ಎಂದರು.

ಮನೆಗೆ ಬಂದು ತಂಗಿ ಎಲ್ಲವನ್ನೂ ಹೇಳಿದಳು. ಅಕ್ಕ ರಟ್ಟಿನ ಅಚ್ಚಿನ ಅಂಚನ್ನು ಸವರುತ್ತ ಕೇಳಿಸಿಕೊಂಡಳು.

“ಆ ಕೆಳಗಡೆ ಎಷ್ಟು ಜನ ಇದ್ರು?”

“ನಲವತ್ತೊಂದು.”

“ಎಲ್ಲರ ಕಣ್ಣೂ ಹೋಯ್ತಾ?”

“ಗೊತ್ತಿಲ್ಲಕ್ಕ. ಒಬ್ಬೊಬ್ಬರನ್ನೇ ಕರೀತಿದಾರೆ.”

ಬೈದಿದ್ದರೆ ತಂಗಿ ಅತ್ತುಬಿಡುತ್ತಿದ್ದಳು. ಅಕ್ಕ ಬೈಯಲಿಲ್ಲ. ಅಚ್ಚನ್ನು ಮೇಜಿನ ಮೇಲೆ ಬೋರಲು ಮಾಡಿ ಎದ್ದು ಹೋಗಿ ಮಲಗಿದಳು.

ಈಗ ಅಕ್ಕ ಗುಂಡಿ ಹೊಲಿಗೆಯೊಂದನ್ನೇ ಮಾಡುವುದು, ಅದೂ ಬೆರಳ ಅಂದಾಜಿನಲ್ಲಿ. ಬೆಳಿಗ್ಗೆ ಕಂಪ್ಯೂಟರ್ ಹಾಕುವ ಮುಂಚೆ ತಂಗಿ ಕಿಟಕಿಯ ಬಳಿ ನಿಂತು, ನೂಲಿನ ತುದಿ ಒದ್ದೆ ಮಾಡಿ, ಹತ್ತು ಸೂಜಿಗೆ ಒಂದೊಂದಾಗಿ ಪೋಣಿಸಿ ಬಟ್ಟೆಯ ಉಂಡೆಗೆ ಚುಚ್ಚಿಡುತ್ತಾಳೆ.